ಗೈಡ್ ಬಿಟ್ಟು ಸಾಲು ಹಿಡಿದೆವು: ದ್ವಿತೀಯ ಪಿಯು ಇಂಗ್ಲಿಷ್ ಪಾಠದ ನನ್ನ ಅನುಭವ

ಮೂರು ವರ್ಷದ ಹಿಂದೆ ಮಕ್ಕಳಿಂದಲೇ ಇಂಗ್ಲಿಷ್ ಉತ್ತರ ಬರೆಸುತ್ತೇನೆ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ "ಇದು ಆಗದ ಕೆಲಸ ಸಾರ್, ಪಾಸಿಂಗ್ ಪ್ಯಾಕೇಜ್ (ಪಾಸಾಗುವಷ್ಟೇ ಪ್ರಶ್ನೋತ್ತರ) ಕೊಟ್ಟು ಸುಮ್ಮನಿರಿ" ಅಂದವರೇ ಈಗ ನನ್ನ ನೋಟ್ಸ್ ಒಯ್ದು ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದಾರೆ. ಅದನ್ನು ನೋಡಿದ ಮೇಲೆ ಬರೆಯುವ ಧೈರ್ಯ ಬಂತು.

ನಾನಿರುವುದು ಚಳ್ಳಕೆರೆ ಸೀಮೆಯ ಒಂದು ಪಿಯು ಕಾಲೇಜಿನಲ್ಲಿ. ಬಹುಪಾಲು ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರು. ಶೇಂಗಾ ಕೀಳುವ ಹೊತ್ತಿಗೆ ಅರ್ಧ ಕ್ಲಾಸು ಖಾಲಿ. ಕಲಾ, ವಾಣಿಜ್ಯ ಎರಡೂ ಸೇರಿ ದ್ವಿತೀಯ ಪಿಯುಗೆ 90ರ ಆಸುಪಾಸು ಮಕ್ಕಳು. ಇಂಗ್ಲಿಷಿನಲ್ಲಿ ವರ್ಷವೂ 30 ಮಂದಿಯಾದರೂ ಫೇಲಾಗಿ ಉಳಿದುಬಿಡುತ್ತಿದ್ದರು. ಬೇರೆಲ್ಲ ವಿಷಯದಲ್ಲಿ ಪಾಸಾಗಿ ಇದೊಂದಕ್ಕೇ ಮನೆಯಲ್ಲಿ ಕೂತ ಹೆಣ್ಣುಮಕ್ಕಳಿಗೆ ಮುಂದಿನ ಮೇ ತಿಂಗಳಲ್ಲೇ ಮದುವೆ. ಅದೇ ನನ್ನ ನಿದ್ದೆ ಕೆಡಿಸಿದ್ದು.

ಮೊದಲ ವರ್ಷ ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮಕ್ಕಳಿಗೆ ಕಥೆಯೆಲ್ಲ ಬಾಯಿಗೆ ಬಂತು, ಉತ್ತರ ಬರೆಯೋಣ ಅಂದರೆ ಪೆನ್ನು ಮೇಲೇಳಲಿಲ್ಲ. ಆ ವರ್ಷದ ಫಲಿತಾಂಶ ಹಿಂದಿಗಿಂತ ಒಂದೆರಡು ಕಡಿಮೆಯೇ ಬಂತು. ಎರಡನೇ ವರ್ಷ ₹1,800 ಕೊಟ್ಟು ಬ್ಲೂಟೂತ್ ಸ್ಪೀಕರ್ ತಂದು ರೋಮಿಯೋ-ಜೂಲಿಯೆಟ್ ಪದ್ಯವನ್ನು ಇಂಗ್ಲೆಂಡಿನ ನಟರ ದನಿಯಲ್ಲಿ ಕೇಳಿಸಿದೆ. ಒಂದು ಪದವೂ ಕಿವಿಗೆ ಹತ್ತಲಿಲ್ಲ. ಕೊನೆಯ ಬೆಂಚಿನವರು ಆಕಳಿಸಿದರು. ಆ ಸ್ಪೀಕರ್ ಈಗ ರಾಜ್ಯೋತ್ಸವಕ್ಕೆ ಮಾತ್ರ ಹೊರಬರುತ್ತದೆ. ಇನ್ನು ಗೈಡ್ ಬರೆಸುವುದು. ಅದರ ಗತಿ ನಿಮಗೆಲ್ಲ ಗೊತ್ತು. ಪ್ರಶ್ನೆಯನ್ನು ಸ್ವಲ್ಪ ತಿರುವಿ ಕೇಳಿದರೆ ಮುಗಿಯಿತು, ಲಂಕೇಶರ ಕಥೆಗೆ ಬರೆಯಬೇಕಾದ ಉತ್ತರ ಟಾಲ್‌ಸ್ಟಾಯ್ ಕಥೆಗೆ ಹೋಗಿ ಕೂರುತ್ತದೆ.

ಮೂರನೇ ವರ್ಷ ಹಿಡಿದದ್ದು ಹೀಗೆ. ಯಾವ ಪಾಠವೇ ಆಗಲಿ, ಮೊದಲು ನಾನು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದುತ್ತೇನೆ. ಅರ್ಥ ಹೇಳುವುದಿಲ್ಲ. ಆಮೇಲೆ ಜೋಡಿ ಜೋಡಿಯಾಗಿ ಕೂತು ಪ್ರತಿ ಜೋಡಿಯೂ ಪಾಠದಿಂದ ಒಂದು ಸಾಲು ಹಿಡಿಯಬೇಕು, ಮನಸ್ಸಿಗೆ ತಾಕಿದ್ದೋ ಅರ್ಥವಾಗದೆ ಕಾಡಿದ್ದೋ. ಆ ಸಾಲೇ ಯಾಕೆ ಅಂತ ಕನ್ನಡದಲ್ಲಿ ಜಗಳವಾಡಲು ಬಿಡುತ್ತೇನೆ. ಕೊನೆಗೆ ಅದೇ ಪುಟದ ಪದಗಳನ್ನೇ ಸಾಲ ಪಡೆದು ಇಂಗ್ಲಿಷಿನಲ್ಲಿ ಐದು ವಾಕ್ಯ. ಹೊರಗಿನ ದೊಡ್ಡ ಪದ ಬೇಡ. ತಿದ್ದುವಾಗ ಒಂದು ವಾರಕ್ಕೆ ಒಂದೇ ತಪ್ಪು. ಈ ವಾರ ಕ್ರಿಯಾಪದದ ಕಾಲ ಮಾತ್ರ, ಉಳಿದ ತಪ್ಪುಗಳಿಗೆ ಕೆಂಪು ಪೆನ್ನು ತಾಕಿಸುವುದಿಲ್ಲ. ಇದಕ್ಕೆ ಸಹೋದ್ಯೋಗಿಗಳು ಬಹಳ ಬೈದರು. ಆದರೆ ಪುಟವೆಲ್ಲ ಕೆಂಪಾದರೆ ಮಗು ಮುಂದಿನ ವಾರ ಬರೆಯುವುದೇ ಇಲ್ಲ, ಇದು ನಾನು ಎರಡು ವರ್ಷ ಸೋತು ಕಲಿತದ್ದು. ಜೋಡಿಗಳನ್ನು ಹೇಗೆ ಕಟ್ಟುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕ್ಲಾಸಿಗೆ ಬಂದು ಕೂತರೆ ತೋರಿಸುತ್ತೇನೆ.

ಶುರುವಿನ ಒಂದು ತಿಂಗಳು ಏನೂ ಆಗಲಿಲ್ಲ. ಎಲ್ಲ ಜೋಡಿಗಳೂ ಪಾಠದ ಮೊದಲ ಸಾಲನ್ನೇ ಹಿಡಿದು ತಂದವು. ಸಿಟ್ಟು ಬಂದು ಬಿಟ್ಟುಬಿಡೋಣ ಅನಿಸಿತ್ತು. ಆಮೇಲೆ ಷೇಕ್ಸ್‌ಪಿಯರ್ ಪದ್ಯದಲ್ಲಿ ಕಾಗೆಗಳ ನಡುವೆ ಹಿಮದಂಥ ಪಾರಿವಾಳ ಅನ್ನುವ ಸಾಲನ್ನು ಒಬ್ಬಳು ಹಿಡಿದು, "ಹಾಗಾದರೆ ಉಳಿದ ಹುಡುಗಿಯರೆಲ್ಲ ಕಾಗೆಗಳಾ ಸಾರ್?" ಅಂತ ಕೇಳಿದಳು. ಇಡೀ ತರಗತಿ ಎದ್ದು ಕೂತಿತು. ಆ ದಿನದ ಐದು ವಾಕ್ಯಗಳನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಟಾಲ್‌ಸ್ಟಾಯ್ ಕಥೆ ಕಾಮರ್ಸ್ ಮಕ್ಕಳಿಗೆ ಹಬ್ಬವಾಯಿತು. ಪುಟ್ಟ ರಾಜ್ಯವೊಂದಕ್ಕೆ ಒಬ್ಬ ಕೊಲೆಗಾರನ ತಲೆ ಕಡಿಯಬೇಕು, ಯಂತ್ರವಿಲ್ಲ. ಆ ಯಂತ್ರಕ್ಕೆ ಫ್ರಾನ್ಸ್ ಕೇಳಿದ್ದು 16,000 ಫ್ರಾಂಕ್, ಇಟಲಿ 12,000. ಕೈದಿಯನ್ನು ಸಾಕುವುದಕ್ಕೆ ವರ್ಷಕ್ಕೆ 600 ಮೀರುತ್ತದೆ. ಎಷ್ಟು ವರ್ಷಕ್ಕೆ ಯಂತ್ರವೇ ಅಗ್ಗ ಅಂತ ಲೆಜರ್ ಹಾಕಿಸಿದೆ. 20 ವರ್ಷ ಅಂತ ಬಂತು. ಲೆಕ್ಕ ಇಂಗ್ಲಿಷ್ ಪಿರಿಯಡ್ಡಿನಲ್ಲೇಕೆ ಅಂತ ಪ್ರಿನ್ಸಿಪಾಲರು ಕೇಳಿದರು, ಆದರೆ ಆ ಪಾಠದ ಆರು ಅಂಕದ ಉತ್ತರವನ್ನು ಒಬ್ಬರೂ ಬಿಟ್ಟಿರಲಿಲ್ಲ. ನೈಜೀರಿಯಾದ ಲೇಖಕ ಅಚಿಬೆಯ ಮತದಾರನ ಕಥೆಗಂತೂ ನಾನು ಬಾಯಿ ಬಿಡಬೇಕಾಗಲೇ ಇಲ್ಲ. ಐದು ಪೌಂಡ್ ತೆಗೆದುಕೊಂಡು ದೇವರ ಮುಂದೆ ಆಣೆ ಮಾಡಿದ ರೂಫ್, ಕೊನೆಗೆ ಮತಪತ್ರವನ್ನೇ ಎರಡು ತುಂಡು ಮಾಡಿ ಎರಡೂ ಪೆಟ್ಟಿಗೆಗೆ ಹಾಕುತ್ತಾನಲ್ಲ, ನಮ್ಮ ಪಂಚಾಯಿತಿ ಚುನಾವಣೆ ಕಂಡ ಮಕ್ಕಳಿಗೆ ನೈಜೀರಿಯಾ ಪಕ್ಕದ ಹಟ್ಟಿಯೇ ಆಯಿತು.

ತಮಿಳುನಾಡಿನ ಪುದುಕ್ಕೋಟೈನ ಹೆಂಗಸರು ಸೈಕಲ್ ಕಲಿತ ಬಗ್ಗೆ ಪತ್ರಕರ್ತ ಪಿ. ಸಾಯಿನಾಥರು ಬರೆದ ಲೇಖನದ ಹೊತ್ತಿಗೆ ಒಂದು ಅಡ್ಡ ಪ್ರಯೋಗ ಮಾಡಿದೆ: ಮನೆಯ ಹಿರಿಯ ಹೆಂಗಸೊಬ್ಬರನ್ನು ಕೇಳಿ, ಅವರು ಮೊದಲು ಏನು ಓಡಿಸಿದರು ಅಂತ ಬರೆದು ತನ್ನಿ. ಹೆಚ್ಚಿನವರು ಏನನ್ನೂ ಓಡಿಸಿರಲಿಲ್ಲ. ಒಬ್ಬ ಅಜ್ಜಿ ಎತ್ತಿನ ಗಾಡಿ ಹೊಡೆದಿದ್ದರು. ಕುವೆಂಪು ಅವರ ಸ್ವರ್ಗದ ಪದ್ಯವನ್ನು ಇಂಗ್ಲಿಷಿನಿಂದ ಮಕ್ಕಳೇ ಕನ್ನಡಕ್ಕೆ ತಂದು, ಆಮೇಲೆ ಮೂಲವನ್ನು ಪಕ್ಕದಲ್ಲಿಟ್ಟು ನೋಡಿದೆವು. ಪರೀಕ್ಷೆಗೆ ಅದರಿಂದ ಒಂದು ಅಂಕವೂ ಬರಲಿಕ್ಕಿಲ್ಲ. ಆದರೂ ಪ್ರತಿ ವರ್ಷ ಮಾಡುತ್ತೇನೆ.

ನನ್ನ ಮಟ್ಟಿಗೆ ಈ ಪುಸ್ತಕದ ಎದೆ ಇರುವುದು ತೆಲುಗು ಕವಯಿತ್ರಿ ಚಲ್ಲಪಲ್ಲಿ ಸ್ವರೂಪರಾಣಿಯವರ ನೀರಿನ ಪದ್ಯದಲ್ಲಿ. ದಲಿತರಿಗೂ ಕೆರೆಯ ನೀರು ಸಿಗಲೆಂದು ಅಂಬೇಡ್ಕರ್ ನಡೆಸಿದ 1927ರ ಮಹಾಡ್ ಕೆರೆಯ ಹೋರಾಟವನ್ನು ಹೇಳಿ ಸುಮ್ಮನಾದೆ. ವರ್ಷವಿಡೀ ಮಾತಾಡದ ಒಂದು ಹುಡುಗಿ ಜೋಡಿಯನ್ನು ಬಿಟ್ಟು ಒಬ್ಬಳೇ ಬರೆದಳು, ಐದರ ಬದಲು ಹದಿನಾಲ್ಕು ವಾಕ್ಯ. ಅವಳ ಹಟ್ಟಿಯ ಬೋರ್‌ವೆಲ್ ವಿಷಯ. ಅದರಲ್ಲಿ ತಪ್ಪು ಬೇಕಾದಷ್ಟಿದ್ದವು. ಆ ವಾರ ನಾನು ಯಾವುದನ್ನೂ ತಿದ್ದಲಿಲ್ಲ.

ಖರ್ಚು ಕೇಳುವಿರಿ. 90 ಲಾಂಗ್ ನೋಟ್‌ಬುಕ್ಕಿಗೆ ₹3,000 ದಾಟಿತು, ಜೆರಾಕ್ಸಿಗೆ ಮತ್ತೊಂದು ₹2,500 ಇರಬಹುದು. ಎಣ್ಣೆ ಗಾಣದ ಒಬ್ಬರು ₹2,000 ಕೊಟ್ಟರು, ಉಳಿದದ್ದು ನನ್ನ ಜೇಬಿನದು. ಕಾಲೇಜಿನ ನಿಧಿಗೆ ಎರಡು ಸಲ ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಮಕ್ಕಳಿಗೆ ಗೈಡಿನ ₹200 ಉಳಿಯಿತು. ಮೂರನೇ ವರ್ಷ ಇಂಗ್ಲಿಷಿನಲ್ಲಿ ಉಳಿದವರು ಏಳೋ ಎಂಟೋ. ಅವರಲ್ಲೂ ನಾಲ್ವರು ಎರಡನೇ ಪರೀಕ್ಷೆಯಲ್ಲಿ ದಾಟಿಕೊಂಡರು. ಇಬ್ಬರಿಗೆ 90ರ ಮೇಲೆ ಬಂತು. ನಮ್ಮ ಕಾಲೇಜಿನಲ್ಲಿ ಇಂಗ್ಲಿಷಿಗೆ ಅಷ್ಟು ಬಂದದ್ದು ನಾನು ಸೇರಿದ ಮೇಲೆ ಅದೇ ಮೊದಲು.

ಈ ಸಲ ಪ್ರಥಮ ಪಿಯುನಿಂದಲೇ ಶುರು ಮಾಡಿದ್ದೇನೆ. ತೇಜಸ್ವಿಯವರ ಔಷಧಿ ಬಳ್ಳಿಯ ಪಾಠ ನಡೆಯುತ್ತಿದೆ. ಸಾಲು ಹಿಡಿಯಿರಿ ಅಂದರೆ ಮಕ್ಕಳು ಸಾಲಿನ ಜತೆಗೆ ಹೊಲದ ಬದುವಿನಿಂದ ಬಳ್ಳಿಗಳನ್ನೂ ಕಿತ್ತು ತಂದಿದ್ದಾರೆ. ನಾಳೆ ಅವುಗಳ ಮೇಲೆ ಐದು ವಾಕ್ಯ ಬರೆಸಬೇಕು.