‘ಮಿಲಿಟರಿಗೆ ಹಾಕಿದರೆ ಸರಿಹೋಗುತ್ತಾನೆ’ ಎನ್ನುವ ಮೊದಲು: ಕೊಡಗಿನ ಪೋಷಕರಿಗೆ ಒಂದು ಮಾರ್ಗದರ್ಶಿ

ಕಾಲೇಜು ಬಿಟ್ಟು ಕುಡಿತಕ್ಕೋ ಗಾಂಜಾಕ್ಕೋ ಆನ್‌ಲೈನ್ ಜೂಜಿಗೋ ಬಿದ್ದ ಹುಡುಗನ ಮಾತು ಕೊಡಗಿನ ಯಾವ ಮದುವೆ ಮನೆಯಲ್ಲಿ ಬಂದರೂ, ‘ಎರಡು ವರ್ಷ ಮಿಲಿಟರಿಗೆ ಹಾಕಿ, ತಾನಾಗಿ ಸರಿಹೋಗುತ್ತಾನೆ’ ಎನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಜಿಲ್ಲೆಯಲ್ಲಿ, ಮನೆಗೊಬ್ಬರೆಂಬಂತೆ ಮಾಜಿ ಸೈನಿಕರಿರುವ ಊರುಗಳಲ್ಲಿ ಈ ಮಾತು ಬರುವುದು ಸಹಜ. ಅದರ ಮುಂದುವರಿಕೆಯಾಗಿ ‘ಎಲ್ಲರಿಗೂ ರಾಷ್ಟ್ರಸೇವೆ ಕಡ್ಡಾಯ ಮಾಡಬೇಕು’ ಎಂಬ ವಾದವೂ ಬರುತ್ತದೆ. ಆ ಸಲಹೆಯನ್ನು ನಿಮ್ಮ ಮನೆಯ ಹುಡುಗ ಅಥವಾ ಹುಡುಗಿಯ ವಿಷಯದಲ್ಲಿ ತೂಗಿ ನೋಡುವುದು ಹೇಗೆ, ತೂಗಿದ ಮೇಲೆ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕಾನೂನಿನ ಸ್ಥಿತಿಯನ್ನು ತಿಳಿದುಕೊಳ್ಳಿ. ಭಾರತದಲ್ಲಿ ಕಡ್ಡಾಯ ಸೇನಾಸೇವೆ ಇಲ್ಲ. ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆಯಾದರೂ, ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆಯನ್ನು ವಿಧಿಸುವ ಅಧಿಕಾರವನ್ನು, ಧರ್ಮ, ಜನಾಂಗ, ಜಾತಿ, ವರ್ಗಗಳ ಆಧಾರದಲ್ಲಿ ಭೇದ ಮಾಡಬಾರದೆಂಬ ಷರತ್ತಿನೊಂದಿಗೆ, ಸರ್ಕಾರಕ್ಕೆ ಬಿಟ್ಟುಕೊಟ್ಟಿದೆ. ಕಡ್ಡಾಯದ ಪ್ರಯೋಗವೂ ನಮ್ಮಲ್ಲಿ ಸ್ವಲ್ಪಮಟ್ಟಿಗೆ ನಡೆದಿದೆ: ಚೀನಾ ಯುದ್ಧದ ಬೆನ್ನಿಗೆ 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಇಂದು ಸೇನೆಗಾಗಲಿ ಎನ್‌ಸಿಸಿಗಾಗಲಿ ಎನ್‌ಎಸ್‌ಎಸ್‌ಗಾಗಲಿ ಸೇರುವವನು ತಾನಾಗಿ ಸೇರಬೇಕು. ‘ಹಾಕುವುದು’ ನಿಮ್ಮ ಕೈಯಲ್ಲಿಲ್ಲ.

ಇನ್ನು ಸೇನೆಯ ಬಾಗಿಲಿನ ವಿಚಾರ. 2022ರಿಂದ ಸಿಪಾಯಿ ದರ್ಜೆಗೆ ಸೇರ್ಪಡೆಯಾಗುತ್ತಿರುವುದು ಅಗ್ನಿಪಥ ಯೋಜನೆಯ ಮೂಲಕ. ಹದಿನೇಳೂವರೆ ವರ್ಷ ತುಂಬಿರಬೇಕು, ಅವಿವಾಹಿತನಾಗಿರಬೇಕು, ಲಿಖಿತ ಪರೀಕ್ಷೆ, 1.6 ಕಿಲೋಮೀಟರ್ ಓಟ, ವೈದ್ಯಕೀಯ ತಪಾಸಣೆ ಎಲ್ಲವನ್ನೂ ದಾಟಬೇಕು, ನಡತೆಯ ಪ್ರಮಾಣಪತ್ರ ತರಬೇಕು. ಅಂದರೆ ವ್ಯಸನ, ಮನೋರೋಗ, ಪೊಲೀಸ್ ಪ್ರಕರಣ ಇವುಗಳಲ್ಲಿ ಸಿಕ್ಕಿಕೊಂಡವನನ್ನು ಸೇನೆ ಬಾಗಿಲಲ್ಲೇ ತಡೆಯುತ್ತದೆ. ಕೂಡಿಗೆಯ ಸೈನಿಕ ಶಾಲೆಯನ್ನೂ ಕೆಲವರು ತಿದ್ದುವ ಮನೆಯೆಂದು ತಿಳಿದಿದ್ದಾರೆ. ಅದು ಆರನೆಯ ಮತ್ತು ಒಂಬತ್ತನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಿಕೊಳ್ಳುವ ವಸತಿ ಶಾಲೆ. ನಮ್ಮ ಕಣ್ಣಿಗೆ ಕಾಣುವ ಶಿಸ್ತಿನ ಮಾಜಿ ಸೈನಿಕರೆಲ್ಲ ಇಂಥ ಜರಡಿಯಲ್ಲಿ ಉಳಿದವರು. ಅವರ ಗುಣದಲ್ಲಿ ಸೇನೆ ಕೊಟ್ಟದ್ದೆಷ್ಟು, ಅವರು ಜೊತೆಗೆ ಒಯ್ದದ್ದೆಷ್ಟು ಎಂದು ಬೇರ್ಪಡಿಸಿ ನೋಡುವ ಗೋಜಿಗೆ ನಾವು ಸಾಮಾನ್ಯವಾಗಿ ಹೋಗುವುದಿಲ್ಲ.

ಹಾಗೆ ಬೇರ್ಪಡಿಸಿ ನೋಡಲು ಹೊರದೇಶದ ಅನುಭವ ನೆರವಾಗುತ್ತದೆ. ಅರ್ಜೆಂಟೀನಾದಲ್ಲಿ ಕಡ್ಡಾಯ ಸೇವೆಗೆ ಲಾಟರಿ ಎತ್ತಿ ಯುವಕರನ್ನು ಆರಿಸುತ್ತಿದ್ದರು. ಆದ್ದರಿಂದ ಸೇವೆಗೆ ಹೋದವರಿಗೂ ಹೋಗದವರಿಗೂ ಅದೃಷ್ಟದ ಹೊರತು ಬೇರೆ ವ್ಯತ್ಯಾಸವಿರಲಿಲ್ಲ. ಇಬ್ಬರನ್ನೂ ಹೋಲಿಸಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದೇನೆಂದರೆ, ಸೇವೆ ಸಲ್ಲಿಸಿದವರ ಹೆಸರು ಮುಂದೆ ಅಪರಾಧದ ದಾಖಲೆಯಲ್ಲಿ ಸೇರುವ ಸಾಧ್ಯತೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಸ್ವೀಡನ್ನಿನ ಅಧ್ಯಯನದಲ್ಲೂ ಅದೇ ದಿಕ್ಕಿನ ಫಲಿತಾಂಶ ಬಂತು, ಅದೂ ಬಡ ಕುಟುಂಬಗಳಿಂದ ಬಂದ, ಮೊದಲೇ ತಪ್ಪು ದಾರಿ ಹಿಡಿದಿದ್ದ ಯುವಕರಲ್ಲೇ ಎದ್ದು ಕಾಣುವಂತೆ. ಡೆನ್ಮಾರ್ಕಿನ ಚಿತ್ರ ಬೇರೆ: ಅಲ್ಲಿ ಮೊದಲೇ ಶಿಕ್ಷೆಯಾಗಿದ್ದ ಯುವಕರಲ್ಲಿ ಆಸ್ತಿಗೆ ಸಂಬಂಧಿಸಿದ ಅಪರಾಧಗಳು, ಸೇವೆ ಆರಂಭವಾದಂದಿನಿಂದ ಐದು ವರ್ಷಗಳವರೆಗೂ, ತಗ್ಗಿದವು; ಹಿಂಸೆಯ ಅಪರಾಧಗಳಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ಅಮೆರಿಕದಲ್ಲಿ 1983ರಿಂದ ಎದ್ದ, ಬಾಲಾಪರಾಧಿಗಳನ್ನೂ ಯುವ ಕೈದಿಗಳನ್ನೂ ಸೈನಿಕ ಮಾದರಿಯ ಕವಾಯತಿನಿಂದ ದಂಡಿಸುವ ‘ಬೂಟ್ ಕ್ಯಾಂಪ್’ಗಳು ಮರು ಅಪರಾಧವನ್ನು ತಗ್ಗಿಸಲಿಲ್ಲವೆಂದು ಅವುಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಅದೇ ದೇಶದಲ್ಲಿ ಶಾಲೆ ಬಿಟ್ಟ ಹದಿಹರೆಯದವರಿಗಾಗಿ ಅಲ್ಲಿನ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ನಡೆಸುವ ಕಾರ್ಯಕ್ರಮವೊಂದಿದೆ. ಅದೂ ಅರೆಸೈನಿಕ ಶಿಸ್ತಿನದೇ. ಆದರೆ ಸೇರುವುದು ಸ್ವಇಚ್ಛೆಯಿಂದ, ಶಿಬಿರದಲ್ಲೇ ಓದು ನಡೆಯುತ್ತದೆ, ಶಿಬಿರ ಮುಗಿದ ಮೇಲೂ ಹಿರಿಯರೊಬ್ಬರು ಒಂದು ವರ್ಷ ಬೆನ್ನಿಗಿರುತ್ತಾರೆ. ಅದನ್ನು ಮುಗಿಸಿದವರಲ್ಲಿ ಓದೂ ಉದ್ಯೋಗವೂ ಸುಧಾರಿಸಿದ್ದು ದಾಖಲಾಗಿದೆ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ತೋರುವುದು ಇಷ್ಟು: ಕವಾಯತು ಬೂಟ್ ಕ್ಯಾಂಪಿನಲ್ಲೂ ಈ ಕಾರ್ಯಕ್ರಮದಲ್ಲೂ ಇತ್ತು, ಆದ್ದರಿಂದ ಫಲ ಕೊಟ್ಟದ್ದು ಕವಾಯತಲ್ಲ, ಒಪ್ಪಿ ಬಂದದ್ದು, ಕೈಗೆ ವಿದ್ಯೆ ಸಿಕ್ಕಿದ್ದು, ಮುಗಿದ ಮೇಲೂ ಒಬ್ಬರು ಕೈಬಿಡದೆ ಇದ್ದದ್ದು.

ಹೀಗಾಗಿ ನಿಮ್ಮ ಮೊದಲ ಕೆಲಸ ತೊಂದರೆ ಯಾವುದೆಂದು ಗುರುತಿಸುವುದು. ತೋಟದಲ್ಲಿ ಗಿಡ ಹಳದಿಯಾದರೆ ಅದು ಕಾಂಡಕೊರಕವೋ ಬೇರುರೋಗವೋ ಗೊಬ್ಬರದ ಕೊರತೆಯೋ ಎಂದು ನೋಡದೆ ಯಾವ ಬೆಳೆಗಾರನೂ ಔಷಧಿ ಹೊಡೆಯುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಔಷಧಿ ಸಾಕೆನಿಸುತ್ತದೆ. ನಿದ್ದೆ, ಊಟ, ಸ್ನೇಹಿತರು, ಹಣದ ಲೆಕ್ಕ, ಈ ನಾಲ್ಕರಲ್ಲಿ ಯಾವುದು ಯಾವಾಗಿನಿಂದ ಬದಲಾಯಿತು ಎಂದು ಮನೆಯವರೆಲ್ಲ ಕೂತು ಬರೆದಿಡಿ. ತರಗತಿಯಲ್ಲಿ ಓದು ಹತ್ತದೆ ಅವಮಾನಪಟ್ಟವನು, ಮನೆಯೊಳಗಿನ ಜಗಳದಿಂದ ಓಡುವವನು, ಸಾಲ ಮಾಡಿಕೊಂಡು ಬಾಯಿಬಿಡಲಾರದವನು, ಖಿನ್ನತೆಯಿಂದ ಹಾಸಿಗೆ ಬಿಟ್ಟೇಳದವನು, ಈ ನಾಲ್ವರೂ ಹೊರನೋಟಕ್ಕೆ ‘ಸೋಮಾರಿ’ಗಳೇ. ಆದರೆ ಬೆಳಗಿನ ಐದು ಗಂಟೆಯ ಓಟದಿಂದ ಮೊದಲನೆಯವನಿಗೆ ಒಳಿತಾದೀತು, ಕೊನೆಯವನಿಗೆ ಕೆಡುಕೇ ಆದೀತು.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಪ್ರತಿದಿನ ಬಹಳ ಕುಡಿಯುವವನನ್ನು ಶಿಸ್ತಿನ ಹೆಸರಿನಲ್ಲಿ ಇದ್ದಕ್ಕಿದ್ದಂತೆ ಕುಡಿತ ಬಿಡಿಸಿ ಎಲ್ಲಿಗೂ ಕಳಿಸಬೇಡಿ. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು, ಆದ್ದರಿಂದ ಅದು ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು. ಎರಡನೆಯದು ಕೋವಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ನಮ್ಮ ಅನೇಕ ಮನೆಗಳಲ್ಲಿ ಕೋವಿ ಇದೆ, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಅದಕ್ಕೆ ಪೂಜೆಯೂ ನಡೆಯುತ್ತದೆ. ಮಗ ಅಥವಾ ಮಗಳು ಸಾವಿನ ಮಾತಾಡಿದರೆ, ತಮಾಷೆಗೆಂದು ಆಡಿದರೂ, ಅಂದೇ ಕೋವಿಯನ್ನೂ ತೋಟಾಗಳನ್ನೂ ಬೇರೆ ಬೇರೆ ಕಡೆ ಬೀಗ ಹಾಕಿಡಿ. ತೋಟದ ಕೀಟನಾಶಕಗಳಿಗೂ ಇದೇ ನಿಯಮ. ಮರ್ಯಾದೆಯ ಪ್ರಶ್ನೆ ಆಮೇಲೆ ನೋಡಿಕೊಳ್ಳೋಣ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು ಹಗಲಿರುಳೂ ಕೆಲಸ ಮಾಡುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಹದಿನೆಂಟರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ.

ತೊಂದರೆ ಚಿಕಿತ್ಸೆಯದಲ್ಲ, ಗುರಿ ಇಲ್ಲದಿರುವುದು, ಸಹವಾಸ, ಬೇಸರ ಎಂದು ಖಚಿತವಾದರೆ ಆಗ ಸೇವೆಯ ಮಾತಿಗೆ ಅರ್ಥವಿದೆ. ಶಾಲೆಯಲ್ಲಿರುವವರಿಗೆ ಎನ್‌ಸಿಸಿ ಕಿರಿಯ ವಿಭಾಗ, ಸ್ಕೌಟ್ಸ್ ಮತ್ತು ಗೈಡ್ಸ್ ಇವೆ. ಕಾಲೇಜಿನಲ್ಲಿರುವವರಿಗೆ 1969ರಲ್ಲಿ ಗಾಂಧಿ ಜನ್ಮಶತಾಬ್ದಿಯ ವರ್ಷ ಆರಂಭವಾದ ಎನ್‌ಎಸ್‌ಎಸ್ ಇದೆ: ಎರಡು ವರ್ಷಗಳಲ್ಲಿ 240 ಗಂಟೆಗಳ ಕೆಲಸ, ಅದರ ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ನನ್ನ ಮಟ್ಟಿಗೆ ಕವಾಯತಿಗಿಂತ ಈ ಶಿಬಿರವೇ ಮೇಲು. ಅಲ್ಲಿ ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ, ಊರಿನವರು ಹೆಸರು ಹಿಡಿದು ಕರೆಯುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಗಳಲ್ಲಿ ಮೂಟೆ ಹೊತ್ತ ಯುವಕರನ್ನು ಯಾವ ಕಾನೂನೂ ಕರೆತಂದಿರಲಿಲ್ಲ ಎಂಬುದನ್ನು ಈ ಜಿಲ್ಲೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ.

ಪೊಲೀಸ್ ಪ್ರಕರಣವಾಗಿದ್ದರೆ ಎದೆಗುಂದಬೇಡಿ. ಹದಿನೆಂಟರೊಳಗಿನವರ ಪ್ರಕರಣದಲ್ಲಿ, 2015ರ ಬಾಲನ್ಯಾಯ ಕಾಯ್ದೆಯಡಿ, ಮೇಲ್ವಿಚಾರಣೆಯಲ್ಲಿ ಸಮುದಾಯ ಸೇವೆ ಮಾಡಿಸುವ ಆದೇಶ ನೀಡಲು ಬಾಲನ್ಯಾಯ ಮಂಡಳಿಗೆ ಅವಕಾಶವಿದೆ. ವಯಸ್ಕರಂತೆ ವಿಚಾರಣೆಗೊಳಗಾದ ಹದಿನಾರು ಮೀರಿದವರನ್ನು ಬಿಟ್ಟರೆ, ಆ ಪ್ರಕರಣ ಮುಂದಿನ ಬದುಕಿಗೆ ಅನರ್ಹತೆಯಾಗಬಾರದೆಂದೂ ಅದೇ ಕಾಯ್ದೆಯ 24ನೆಯ ಕಲಂ ಹೇಳುತ್ತದೆ.

ಮಾತುಕತೆಗೆ ಕೂರುವಾಗ ಬಂಧುಗಳ ಸಭೆ ಸೇರಿಸಬೇಡಿ. ಒಕ್ಕದ (ಒಂದೇ ಮನೆತನದ ಕುಟುಂಬದ) ಹಿರಿಯರಲ್ಲಿ, ಅಥವಾ ಪರಿಚಯದ ಮಾಜಿ ಸೈನಿಕರಲ್ಲಿ, ಅವನು ಈಗಾಗಲೇ ಗೌರವಿಸುವ ಒಬ್ಬರನ್ನು ಮಾತ್ರ ಕರೆಯಿರಿ; ಗದರಿಸುವುದರಲ್ಲಿ ಹೆಸರಾದವರಿಗಿಂತ, ಸೇನೆಯಲ್ಲಿ ತಮಗೆ ಕಷ್ಟವಾದದ್ದನ್ನೂ ಹೇಳಬಲ್ಲವರು ಇದಕ್ಕೆ ತಕ್ಕವರು. ಎರಡು ಮೂರು ದಾರಿಗಳನ್ನು ಮುಂದಿಟ್ಟು ಆಯ್ಕೆಯನ್ನು ಅವನಿಗೇ ಬಿಡಿ. ಸೇನೆಯನ್ನೇ ಆರಿಸಿಕೊಂಡರೆ ಸಂತೋಷ. ಆದರೆ ನಾಲ್ಕು ವರ್ಷಗಳ ನಂತರ ಗರಿಷ್ಠ ಶೇ. 25ರಷ್ಟು ಅಗ್ನಿವೀರರನ್ನು (ಅಗ್ನಿಪಥದಡಿ ಸೇರಿದವರನ್ನು) ಮಾತ್ರ ಉಳಿಸಿಕೊಳ್ಳುತ್ತಾರೆ, ಉಳಿದವರು ಪಿಂಚಣಿ ಇಲ್ಲದೆ, ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೊಂದಿಗೆ ಮರಳುತ್ತಾರೆ ಎಂಬುದನ್ನು ಹೊರಡುವ ಮೊದಲೇ ತಿಳಿಸಿ. ಜೂಜಿನ ಚಟವಿದ್ದವನ ಕೈಗೆ ಅಷ್ಟು ಹಣ ಒಮ್ಮೆಲೇ ಬರುವುದು ಏನೆಂಬುದನ್ನು ಯೋಚಿಸಿ, ಆ ಹಣದ ಬಳಕೆಯ ಬಗ್ಗೆ ಅವನೊಂದಿಗೇ ಈಗಲೇ ಮಾತಾಡಿಟ್ಟುಕೊಳ್ಳಿ.

ಕೊನೆಯದಾಗಿ, ಕಡ್ಡಾಯ ಸೇವೆಯ ಪ್ರಸ್ತಾಪ ಎಂದಾದರೂ ಗಂಭೀರವಾಗಿ ಬಂದರೆ ಏನು ಕೇಳಬೇಕು? ಬ್ರಿಟನ್ನಿನಲ್ಲಿ 2024ರ ಚುನಾವಣೆಗೆ ಮುನ್ನ ಅಂದಿನ ಪ್ರಧಾನಿ ರಿಷಿ ಸುನಕ್ ಹದಿನೆಂಟು ತುಂಬಿದವರಿಗೆ ಒಂದು ವರ್ಷದ ಸೇನಾ ಸೇವೆ ಅಥವಾ ತಿಂಗಳಿಗೊಂದು ವಾರಾಂತ್ಯದ ಸಮಾಜಸೇವೆ ಎಂದು ಘೋಷಿಸಿದ್ದರು. ಪಕ್ಷ ಸೋತಿತು, ಯೋಜನೆಯೂ ಅಲ್ಲಿಗೇ ನಿಂತಿತು. ಅಂಥದ್ದು ಇಲ್ಲಿಗೆ ಬಂದರೆ ವೈದ್ಯಕೀಯವಾಗಿ ಅನರ್ಹರೆಂದು ಕೈಬಿಟ್ಟವರಿಗೆ ಏನು ವ್ಯವಸ್ಥೆ ಎಂದು ಮೊದಲು ಕೇಳಿ, ಏಕೆಂದರೆ ನೆರವು ಹೆಚ್ಚು ಬೇಕಾದವರು ಅವರೇ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಬೆಳೆದ, ಕಾಫಿ ಕೊಯ್ಲಿನ ಕೂಲಿಯಿಂದಲೇ ವರ್ಷದ ಸಾಲ ತೀರಿಸುವ ಯರವ ಅಥವಾ ಜೇನುಕುರುಬ ಕುಟುಂಬದ ಹುಡುಗನ ಒಂದು ವರ್ಷದ ದುಡಿಮೆಗೆ ಯಾರು ಹೊಣೆ, ಶಿಬಿರದಲ್ಲಿ ಕಿರುಕುಳವಾದರೆ ಅವನು ಯಾರಲ್ಲಿ ದೂರಬೇಕು, ಮರಳಿದ ಮೇಲೆ ಹನ್ನೆರಡು ತಿಂಗಳು ಅವನನ್ನು ಕಾಣಲು ಸಂಬಳ ಕೊಟ್ಟು ಯಾರನ್ನು ನೇಮಿಸುತ್ತಾರೆ, ಆ ಹುದ್ದೆಗಳಿಗೆ ಬಜೆಟ್ಟಿನಲ್ಲಿ ಹಣವಿದೆಯೇ ಎಂಬ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಿ, ಶಾಸಕರಿಗೂ ಸಂಸದರಿಗೂ ಲಿಖಿತವಾಗಿ ಕಳಿಸಿ.