ಹಂಚಿನ ಪುಡಿ ಬಿದ್ದ ಮೇಲೆ ನಿಂತ ಅಚ್ಚು

ಭಟ್ಟಿಯ ಬಿಸಿಗೆ ಮೆತ್ತಗಾದ ಗಾಜನ್ನು ಅಚ್ಚಿನೊಳಗೆ ಇಳಿಸಿ ತಟ್ಟೆ, ಬೋಗುಣಿ ಮಾಡುತ್ತೇನೆ. ಆ ಅಚ್ಚಿಗೆ ಕಲಬುರಗಿಯ ಮಣ್ಣೇ ಸಾಕು ಎಂದಾಗ ಗಾಜಿನ ಸ್ಟುಡಿಯೊ ಇಟ್ಟುಕೊಂಡ ಗೆಳೆಯರು ನಕ್ಕಿದ್ದರು. ಎರಡು ಸಲ ಭಟ್ಟಿಗೆ ಹೋದರೆ ಸೀಳುತ್ತದೆ, ಹೊರಗಿನ ರೆಡಿ ಅಚ್ಚೇ ತರಿಸು ಎಂದರು. ಒಂದು ಬೋಗುಣಿ ಅಚ್ಚಿಗೆ ಕೊರಿಯರ್ ಸೇರಿ ಸುಮಾರು 4,000 ರೂಪಾಯಿ. ನನ್ನದಕ್ಕೆ ಸುಡುವ ಖರ್ಚು ಹಿಡಿದರೂ 100 ದಾಟುವುದಿಲ್ಲ. ಮೊದಲು ಗೆದ್ದ ಅಚ್ಚು ಇವತ್ತಿಗೂ ದುಡಿಯುತ್ತಿದೆ.

ಗೆಲ್ಲುವ ಮುಂಚೆ ಕಳೆದದ್ದೂ ಕಡಿಮೆಯಲ್ಲ. ಎರೆಮಣ್ಣು ಪುಕ್ಕಟೆ ಸಿಗುತ್ತದೆ, ನುಣುಪಾಗಿಯೂ ಇರುತ್ತದೆ. ಆದರೆ ಬೇಸಿಗೆಯ ಹೊಲ ಬಾಯಿಬಿಟ್ಟ ಹಾಗೆ ಅಚ್ಚೂ ಬಿಟ್ಟಿತು. ಕುಂಬಾರ ಕಾಕಾ ನೋಡಿ, "ಎರಿ ಮಣ್ಣಿನ ಹುಚ್ಚು ಬಿಡ್ರಿ, ಅದು ಜ್ವಾಳಕ್ಕಷ್ಟ" ಎಂದರು. ಅವರ ಕೆರೆಮಣ್ಣು ತಂದೆ. ಅದೂ ಒಂಟಿಯಾಗಿ ನಿಲ್ಲಲಿಲ್ಲ. ಕೆಡವಿದ ಮನೆಯೊಂದರ ಮಂಗಳೂರು ಹಂಚಿನ ಚೂರು ಕುಟ್ಟಿ, ರವೆ ಜರಡಿಯಲ್ಲಿ ಸೋಸಿ, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಿದೆ. ಸೀಳುವುದು ಅಲ್ಲಿಗೆ ನಿಂತಿತು.

ದಪ್ಪ ಎಲ್ಲ ಕಡೆ ಒಂದೇ ಇರಲಿ, 10 ಮಿಲಿಮೀಟರ್ ಆಸುಪಾಸು. ನಮ್ಮ ಏಪ್ರಿಲ್ ಬಿಸಿಲಲ್ಲಿ ಅಂಚು ಬೇಗ ಒಣಗಿ ಮೇಲಕ್ಕೇಳುತ್ತದೆ. ಅದಕ್ಕೇ ಒದ್ದೆ ಗೋಣಿಚೀಲ ಹೊದಿಸುತ್ತೇನೆ. ಕೆಳಗೆ ಶಹಾಬಾದ್ ಕಲ್ಲು, ನಡುವೆ ಪೇಪರ್. ಪೇಪರ್ ಇದ್ದರೆ ಕುಗ್ಗುವಾಗ ಅಚ್ಚು ಸಲೀಸಾಗಿ ಜಾರುತ್ತದೆ, ಕಲ್ಲಿಗೆ ಅಂಟಿ ಬಿರಿಯುವುದಿಲ್ಲ. ತಳದಲ್ಲಿ 2 ಮಿಲಿಮೀಟರ್ ತೂತು ಹಸಿಯಲ್ಲೇ ಹಾಕಿ. ಗಾಳಿ ಸಿಕ್ಕಿಕೊಂಡರೆ ಗಾಜಿನ ನಡು ಉಬ್ಬಿ ನಿಲ್ಲುತ್ತದೆ.

ಕುಂಬಾರರ ಆವಿಗೆಯಲ್ಲಿ ಸುಟ್ಟ ಅಚ್ಚುಗಳು ಒಂದು ಕಡೆ ಕಪ್ಪು, ಇನ್ನೊಂದು ಕಡೆ ಉಗುರಿಗೆ ಪುಡಿ ಉದುರುವಷ್ಟು ಹಸಿ. ಆ ಲೋಡ್ ಪೂರ್ತಿ ಹೋಯಿತು. ಈಗ ನನ್ನ ಕರೆಂಟ್ ಭಟ್ಟಿಯಲ್ಲೇ 950 ಡಿಗ್ರಿಗೆ ಸುಡುತ್ತೇನೆ. 573ರ ಆಸುಪಾಸು ಮಣ್ಣಿನೊಳಗಿನ ಬೆಣಚು ತಟ್ಟನೆ ಹಿಗ್ಗಿ ಕುಗ್ಗುತ್ತದೆ, ಅದಕ್ಕೇ ಅಲ್ಲಿ ಏರುವಾಗಲೂ ಇಳಿಯುವಾಗಲೂ ನಿಧಾನ.

ಗಾಜು ಅಚ್ಚಿಗೆ ಅಂಟದಂತೆ ಬಳಿಯುವ ಕಿಲ್ನ್ ವಾಶ್ ಅರ್ಧ ಚೀನಾ ಮಣ್ಣು, ಅರ್ಧ ಅಲ್ಯುಮಿನಾ ಹೈಡ್ರೇಟ್. ತೆಳ್ಳಗೆ ನಾಲ್ಕೈದು ಕೋಟು. ತೂತು ಮುಚ್ಚಿಕೊಂಡರೆ ಪೊರಕೆ ಕಡ್ಡಿ ಸಾಕು. 

ಗಾಜು 5 ಮಿಲಿಮೀಟರ್ ಕಿಟಕಿ ಗಾಜೇ, ಅಂಗಡಿಯವರು ಬಿಸಾಡುವ ತುಂಡು. 730 ಡಿಗ್ರಿಯಲ್ಲಿ ಹತ್ತು ನಿಮಿಷ, ಆಮೇಲೆ ಗಾಜಿನೊಳಗಿನ ಒತ್ತಡ ಇಳಿಯಲು 550ರಲ್ಲಿ ಒಂದು ತಾಸು. ಒಂದು ಸಲಕ್ಕೆ 12–15 ಯೂನಿಟ್ ಕರೆಂಟು. ನಡುವೆ ಕರೆಂಟು ಹೋದರೆ ಮುಚ್ಚಳ ಮಾತ್ರ ಎತ್ತಬೇಡಿ.

ಗುಮ್ಮಟದಂಥ ಉಬ್ಬು ಅಚ್ಚಿನ ಮೇಲೆ ಲ್ಯಾಂಪ್ ಶೇಡ್ ಕೂಡಾ ಇಳಿಸಿ ನೋಡಿದೆ. ತಣ್ಣಗಾಗುವಾಗ ಗಾಜು ಮಣ್ಣಿಗಿಂತ ಜಾಸ್ತಿ ಕುಗ್ಗುತ್ತದೆ, ಅಚ್ಚನ್ನು ಬಿಗಿಹಿಡಿದು ಒಡೆಯಿತು. ಉಬ್ಬಿಗೆ ಮಣ್ಣು ಬೇಡ. ಸೂಪರ್ ಮಾರ್ಕೆಟ್‌ನಿಂದ ತಂದ ಸ್ಟೀಲ್ ಬೋಗುಣಿ ಬೋರಲು ಹಾಕಿದರೆ ಕೆಲಸವಾಗುತ್ತದೆ. ಸ್ಟೀಲು ಗಾಜಿಗಿಂತ ಹೆಚ್ಚು ಕುಗ್ಗಿ ತಾನೇ ಬಿಡುತ್ತದೆ.

ಬೀರ್ ಬಾಟಲಿಯೂ ಮೊದಲಿನ ಮಣ್ಣಿನ ಅಚ್ಚಿನಲ್ಲೇ ಚಪ್ಪಟೆಯಾಗಿ ಚಂದದ ತಟ್ಟೆಯಾಗುತ್ತದೆ. ಆದರೆ ಬಾಟಲಿ ಚೂರನ್ನು ಕಿಟಕಿ ಗಾಜಿಗೆ ಬೆಸೆಯಲು ಹೋಗಬೇಡಿ. ಎರಡರ ಕುಗ್ಗುವಿಕೆ ಬೇರೆ. ನನ್ನದು ಭಟ್ಟಿಯಿಂದ ಸರಿಯಾಗೇ ಬಂದು, ಒಂದು ವಾರ ಬಿಟ್ಟು ಕಪಾಟಿನಲ್ಲಿ ಟಣ್ ಎಂದಿತು. ಕಿಟಕಿ ಗಾಜಿನ ತಟ್ಟೆ 350 ರೂಪಾಯಿಗೆ ಹೋಗುತ್ತದೆ, ಬಾಟಲಿಯದು 500ಕ್ಕೆ.