ಊಟದ ಹೊತ್ತು, ಕೊಯ್ಲಿನ ಹೊತ್ತು: ಕೊಡಗಿನಲ್ಲಿ ಪೌಷ್ಟಿಕ ಆಹಾರದ ಕೆಲಸ, ನನ್ನ ಅನುಭವ

ವಿರಾಜಪೇಟೆ ಮತ್ತು ಪೊನ್ನಂಪೇಟೆ ತಾಲ್ಲೂಕುಗಳ ಕಾಫಿ ತೋಟದ ಲೈನ್ ಮನೆಗಳಿಗೂ (ಕೂಲಿ ಕುಟುಂಬಗಳ ಸಾಲುಮನೆಗಳು) ಕಾಡಂಚಿನ ಹಾಡಿಗಳಿಗೂ (ಬುಡಕಟ್ಟು ಜನರ ವಸತಿಗಳು) ಅಂಗನವಾಡಿಯ ಪೌಷ್ಟಿಕ ಆಹಾರ ಸರಿಯಾಗಿ ತಲುಪಬೇಕೆಂಬ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ತೊಡಗಿದ್ದೇನೆ. ಅಂಗನವಾಡಿ ಕಾರ್ಯಕರ್ತೆಯರಿಗೆ, ಸಹಾಯಕಿಯರಿಗೆ, ತಾಯಂದಿರಿಗೆ ತರಬೇತಿ ಕೊಡುವುದು ಈ ಕೆಲಸದ ಒಂದು ಭಾಗ. ಆ ಕುಟುಂಬಗಳ ಪರವಾಗಿ ಪಂಚಾಯಿತಿ ಮತ್ತು ಇಲಾಖೆಗಳ ಮುಂದೆ ಅಹವಾಲು ಇಡುವುದು ಇನ್ನೊಂದು ಭಾಗ. ಸಾಮಾನ್ಯವಾಗಿ ಇವೆರಡನ್ನು ಬೇರೆ ಬೇರೆ ಜನರಿಗೆ ಹಂಚಲಾಗುತ್ತದೆ. ಕೊಡಗಿನಂಥ ಜಿಲ್ಲೆಯಲ್ಲಿ ಇವನ್ನು ಒಂದೇ ತಂಡ, ಒಂದೇ ಓಡಾಟದಲ್ಲಿ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಏನು ಉಣ್ಣಬೇಕೆಂದು ಕಲಿತ ಗರ್ಭಿಣಿಗೆ ಊಟದ ಜಾಗಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಆ ಕಲಿಕೆಯಿಂದ ಆಕೆಗೆ ಸಂಕಟವೇ ಹೆಚ್ಚುತ್ತದೆ. ದಾರಿ ಕೇಳಿ ಬರೆದ ಅರ್ಜಿಯ ಹಿಂದೆ ತನ್ನ ಹಕ್ಕು ಯಾವುದೆಂದು ತಿಳಿದ ತಾಯಂದಿರು ಇಲ್ಲದಿದ್ದರೆ ಅರ್ಜಿಯೂ ಬಹಳ ದೂರ ಹೋಗುವುದಿಲ್ಲ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂಥ ಬಯಲು ಸೀಮೆಯ ಊರಿನಲ್ಲಿ ಮನೆಗಳು ಒತ್ತಾಗಿರುತ್ತವೆ, ಕೇಂದ್ರ ಊರಿನ ನಡುವೆ ಇರುತ್ತದೆ, ಊಟದ ಹೊತ್ತಿಗೆ ನಡೆದು ಹೋಗಿ ಬರಬಹುದು. ಕೊಡಗಿನಲ್ಲಿ ಊರೆಂದರೆ ಗದ್ದೆ, ತೋಟ, ಕಾಡುಗಳ ನಡುವೆ ದೂರ ದೂರಕ್ಕೆ ಹರಡಿದ ಮನೆಗಳು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು; ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಶೇಂಗಾ ಚಿಕ್ಕಿ, ಹಾಲು, ಊಟದ ನಂತರ ಕಬ್ಬಿಣಾಂಶದ ಮಾತ್ರೆ. ಮನೆಗೆ ಕೊಟ್ಟ ದಿನಸಿ ಇಡೀ ಕುಟುಂಬಕ್ಕೆ ಹಂಚಿಹೋಗಿ ಗರ್ಭಿಣಿಯ ಪಾಲು ಕಡಿಮೆಯಾಗುತ್ತದೆ ಎಂಬ ಸರಿಯಾದ ತಿಳಿವಳಿಕೆ ಇದರ ಹಿಂದಿದೆ, ಮತ್ತು ನಾನು ಈ ಯೋಜನೆಯನ್ನು ಮನಸಾರೆ ಒಪ್ಪುತ್ತೇನೆ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನ ಕಾಲದಲ್ಲಿ ಕೂಲಿ ಬಹುತೇಕ ಕಡೆ ಕಿಲೋ ಲೆಕ್ಕದ ಮೇಲೆ ನಡೆಯುತ್ತದೆ. ಬೆಳಿಗ್ಗೆ ತೋಟಕ್ಕಿಳಿದ ಹೆಂಗಸು ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಎದುರು ಚೀಲ ತೂಗಿಸುವವರೆಗೆ ಮೇಲೆ ಬರುವುದಿಲ್ಲ. ಮಧ್ಯಾಹ್ನ ಊಟಕ್ಕೆಂದು ಹೋಗಿ ಬಂದರೆ ಅಷ್ಟು ಹೊತ್ತಿನ ಹಣ್ಣು ಕೈಬಿಟ್ಟಂತೆ. ಮಳೆಗಾಲದಲ್ಲಿ ಕೆಲಸ ಕಡಿಮೆಯಾಗಿ ಊಟ ಹೆಚ್ಚು ಬೇಕಾದಾಗ ಹಳ್ಳ ತುಂಬಿರುತ್ತದೆ. ತಿತಿಮತಿ, ಮಾಲ್ದಾರೆ ಕಡೆ ಆನೆಯ ಭಯ ವರ್ಷವಿಡೀ ಇರುತ್ತದೆ.

ಹಾಗಾಗಿ ತರಬೇತಿಗೆ ಹೋಗುವ ಮುನ್ನ ನಾವು ಒಂದು ಕೆಲಸ ಮಾಡುತ್ತೇವೆ. ಆ ಅಂಗನವಾಡಿಯ ವ್ಯಾಪ್ತಿಯಲ್ಲಿರುವ ಪ್ರತಿ ಲೈನ್ ಮನೆ, ಪ್ರತಿ ಹಾಡಿಯಿಂದ ಕೇಂದ್ರಕ್ಕೆ ಗರ್ಭಿಣಿ ನಡೆಯುವ ದಾರಿಯಲ್ಲಿ ಅಲ್ಲಿನ ಕಾರ್ಯಕರ್ತೆಯ (ಇಲ್ಲಿ ಅವರನ್ನು ಟೀಚರ್ ಎನ್ನುತ್ತಾರೆ) ಜೊತೆ ನಾವೇ ನಡೆಯುತ್ತೇವೆ, ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುತ್ತೇವೆ, ದಾರಿಯಲ್ಲಿ ಹಳ್ಳ, ತೋಟದ ಗೇಟು, ಆನೆ ದಾಟುವ ಜಾಗ ಎಲ್ಲಿದೆ ಎಂದು ಗುರುತು ಮಾಡುತ್ತೇವೆ. ಇಲಾಖೆಯ ಪಟ್ಟಿಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಬರೆದಿರುತ್ತಾರೆ. ಏಳು ತಿಂಗಳ ಬಸುರಿಗೆ ಮುಖ್ಯವಾಗುವುದು ಆಕೆಗೆ ಹಿಡಿಯುವ ಹೊತ್ತು. ಈ ಹಾಳೆಯೇ ಮುಂದೆ ಅರ್ಜಿಗೆ ಲಗತ್ತಾಗುತ್ತದೆ. ಮೇಲ್ವಿಚಾರಕಿಯೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೂ ಒಂದೊಂದು ವೃತ್ತದಲ್ಲಿ ಎಷ್ಟೋ ಕೇಂದ್ರ ನೋಡಬೇಕಾದವರು, ಅವರ ಕೈಗೆ ಇಷ್ಟು ಸ್ಪಷ್ಟವಾದ ಮಾಹಿತಿ ಸಿಕ್ಕರೆ ಅದನ್ನು ಅವರೂ ಗೌರವದಿಂದ ಬಳಸಿದ್ದನ್ನು ನಾನು ನೋಡಿದ್ದೇನೆ.

ತರಬೇತಿಯಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಅಳತೆಯ ಮೇಲೆ. ಮಗುವಿನ ಉದ್ದವನ್ನು ಅಂದಾಜಿನಲ್ಲಿ ಬರೆದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ದೊಡ್ಡ ಮಗುವನ್ನು ನಿಲ್ಲಿಸಿ ಅಳೆಯಬೇಕು. ಎರಡೂ ವಿಧಾನಗಳ ನಡುವೆ ಸುಮಾರು 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಮಲಗಿಸಿದಾಗ ಮೊಣಕಾಲು ಒತ್ತಿ ಹಿಡಿಯಲು ತಾಯಿಯ ನೆರವು ಬೇಕು, ನಿಲ್ಲಿಸಿದಾಗ ತಲೆಯ ಮೇಲಿನ ಜುಟ್ಟು ಬಿಚ್ಚಬೇಕು, ಹಿಮ್ಮಡಿ ಹಲಗೆಗೆ ತಾಗಿರಬೇಕು. ತೋಳಿನ ಸುತ್ತಳತೆಯ ಪಟ್ಟಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ, ಅದು 11.5 ಸೆಂಟಿಮೀಟರಿಗಿಂತ ಕಡಿಮೆ ತೋರಿಸಿದರೆ ಮಗು ತೀವ್ರ ಅಪೌಷ್ಟಿಕತೆಯಲ್ಲಿದೆ, 11.5ರಿಂದ 12.5ರೊಳಗಿದ್ದರೆ ಸಾಧಾರಣ ಅಪೌಷ್ಟಿಕತೆ. ಇದನ್ನು ಓದಿ ಹೇಳಿದರೆ ಯಾರಿಗೂ ಉಳಿಯುವುದಿಲ್ಲ. ಒಂದೇ ಮಗುವನ್ನು ಇಬ್ಬರು ಕಾರ್ಯಕರ್ತೆಯರು ಬೇರೆ ಬೇರೆಯಾಗಿ ಅಳೆದು, ಇಬ್ಬರ ಅಂಕಿಯೂ ಸೇರುವವರೆಗೆ ಮತ್ತೆ ಮತ್ತೆ ಅಳೆಯುವುದು ನಮ್ಮ ಕ್ರಮ. ಅದಕ್ಕೆ ಮಗುವೂ ತಾಯಿಯೂ ಸಹಕರಿಸಬೇಕಾದ್ದರಿಂದ ನಾವು ತರಬೇತಿಯನ್ನು ಸಭಾಂಗಣದಿಂದ ಅಂಗನವಾಡಿಗೇ ಒಯ್ದೆವು.

ಈ ಅಳತೆಯನ್ನು ತಾಯಿಗೆ ತಿಳಿಸುವುದನ್ನೂ ಕಲಿಸಬೇಕಾಗುತ್ತದೆ. ಬೆಳವಣಿಗೆಯ ಪಟದಲ್ಲಿ ಮಗು ಇನ್ನೂ ಹಸಿರು ಪಟ್ಟಿಯಲ್ಲೇ ಇರಬಹುದು, ಆದರೆ ಎರಡು ಮೂರು ತಿಂಗಳು ಗೆರೆ ಮೇಲೇರದೆ ಅಡ್ಡವಾಗಿ ಹೋದರೆ ಆಗಲೇ ಮಾತಾಡಬೇಕು. ಕೆಂಪಿಗೆ ಇಳಿಯುವವರೆಗೆ ಕಾಯುವ ಅಭ್ಯಾಸ ಎಲ್ಲ ಕಡೆ ಇದೆ, ಮತ್ತು ಮಕ್ಕಳಿಗೆ ಅತಿ ಹೆಚ್ಚು ಹಾನಿ ಮಾಡುವುದು ಇದೇ ಎಂದು ನಾನು ನಂಬಿದ್ದೇನೆ. ತಾಯಿಯನ್ನು ಗದರಿಸಬಾರದು, ಉಳಿದವರ ಎದುರು ಹೇಳಬಾರದು. ‘ಅಕ್ಕ, ಈ ತಿಂಗಳು ಪಾಪುಗೆ ಜ್ವರ, ಬೇಧಿ ಏನಾದರೂ ಇತ್ತಾ, ಹಗಲು ಯಾರು ಉಣ್ಣಿಸ್ತಾರೆ’ ಎಂಬ ಎರಡು ಪ್ರಶ್ನೆಗಳಿಂದ ಮಾತು ಆರಂಭಿಸಲು ನಾವು ಹೇಳಿಕೊಡುತ್ತೇವೆ. ಕೊಯ್ಲಿನ ತಿಂಗಳುಗಳಲ್ಲಿ ಎರಡನೆಯ ಪ್ರಶ್ನೆಗೆ ಬರುವ ಉತ್ತರ ಹೆಚ್ಚಾಗಿ ಒಂದೇ: ಆರೇಳು ವರ್ಷದ ಅಕ್ಕ, ಶಾಲೆ ಬಿಟ್ಟು.

ಅಡುಗೆಯ ತರಬೇತಿಯಲ್ಲಿ ಕೊಡಗಿನದೇ ಆದ ಒಂದು ವಿಷಯಕ್ಕೆ ನಾನು ವಿಶೇಷ ಒತ್ತು ಕೊಡುತ್ತೇನೆ. ಇಲ್ಲಿ ಊಟದ ಜೊತೆಗೆ ಅಥವಾ ಊಟವಾದ ಕೂಡಲೆ ಬೆಲ್ಲದ ಕಾಪಿಯನ್ನೋ ಚಹಾವನ್ನೋ ಕುಡಿಯುವುದು ರೂಢಿ. ಕಾಫಿ, ಚಹಾದಲ್ಲಿರುವ ಅಂಶಗಳು ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತವೆ. ಕಾಪಿ ಬಿಡಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಊಟಕ್ಕೂ ಮಾತ್ರೆಗೂ ಒಂದು ಗಂಟೆ ಹಿಂದೆ ಮುಂದೆ ಕುಡಿಯಿರಿ ಎಂದರೆ ಸಾಕು. ಅದೇ ರೀತಿ ಊಟಕ್ಕೆ ನಿಂಬೆ ಹಿಂಡಿಕೊಂಡರೆ, ನೆಲ್ಲಿಕಾಯಿಯನ್ನೋ ಹಿತ್ತಲಿನ ಕೈಪುಳಿಯನ್ನೋ (ಕಿತ್ತಳೆ ಜಾತಿಯ ಹುಳಿ ಹಣ್ಣು) ಬಳಸಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಹಾಡಿಯ ಹಿರಿಯ ಹೆಂಗಸರನ್ನು ನಾವು ಕೇಳುಗರಾಗಿ ಕೂರಿಸುವುದಿಲ್ಲ. ಮಳೆಗಾಲದ ಅಣಬೆ, ಏಡಿ, ಕಣಿಲೆ (ಎಳೆ ಬಿದಿರು), ಕಾಡುಗೆಣಸು, ಹತ್ತಾರು ಬಗೆಯ ಸೊಪ್ಪು ಇವುಗಳ ಬಗ್ಗೆ ಎರವ, ಜೇನುಕುರುಬ ಬುಡಕಟ್ಟಿನ ಅಜ್ಜಿಯರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಯಾವುದನ್ನು ಹೇಗೆ ಬೇಯಿಸಬೇಕು, ಯಾವುದನ್ನು ಬಸುರಿಗೆ ಕೊಡುವುದಿಲ್ಲ ಎಂಬುದನ್ನು ಅವರೇ ಹೇಳಬೇಕು. ಕಣಿಲೆಯನ್ನು ಚೆನ್ನಾಗಿ ನೀರಿನಲ್ಲಿ ನೆನೆಸಿ ನೀರು ಬದಲಿಸಿ ಬೇಯಿಸಬೇಕೆಂಬ ಪಾಠವನ್ನು ಹೊರಗಿನಿಂದ ಬಂದ ಕಿರಿಯ ಕಾರ್ಯಕರ್ತೆಯರು ಅವರಿಂದಲೇ ಕಲಿತರು. ಮಗುವಿನ ಮೇಲು ಆಹಾರದ ವಿಷಯದಲ್ಲಿ ಮಾತ್ರ ನಾವು ಪಟ್ಟು ಹಿಡಿಯುತ್ತೇವೆ: ಆರು ತಿಂಗಳು ತುಂಬಿದ ಕೂಡಲೆ ಎದೆಹಾಲಿನ ಜೊತೆಗೆ ಆಹಾರ ಶುರುವಾಗಬೇಕು, ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ, ಮತ್ತು ರಾಗಿ ಸರಿ ಚಮಚ ಓರೆ ಮಾಡಿದರೆ ಸುರಿದು ಹೋಗದಷ್ಟು ಗಟ್ಟಿಯಾಗಿರಬೇಕು. ನೀರಾದ ಗಂಜಿಯಿಂದ ಪುಟ್ಟ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಹಕ್ಕಿನ ಪಾಠ ಇವೆಲ್ಲದರ ಜೊತೆಗೇ ನಡೆಯುತ್ತದೆ, ಬೇರೆ ದಿನಕ್ಕೆ ಮುಂದೂಡುವುದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಎರಡನೆಯ ಅನುಸೂಚಿಯ ಪ್ರಕಾರ ಗರ್ಭಿಣಿ, ಬಾಣಂತಿಯರಿಗೆ ದಿನಕ್ಕೆ 600 ಕಿಲೋಕ್ಯಾಲೊರಿ ಮತ್ತು 18ರಿಂದ 20 ಗ್ರಾಂ ಪ್ರೋಟೀನು, ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ 500 ಕಿಲೋಕ್ಯಾಲೊರಿ, ಅಪೌಷ್ಟಿಕ ಮಗುವಿಗೆ 800 ಕಿಲೋಕ್ಯಾಲೊರಿ ಸಿಗಬೇಕು. ತಾಯಂದಿರಿಗೆ ನಾನು ಈ ಅಂಕಿಗಳನ್ನು ತಟ್ಟೆಯಲ್ಲಿ ಬಡಿಸಿ ತೋರಿಸುತ್ತೇನೆ. ಇದಕ್ಕೆ ಬಿಪಿಎಲ್ ಕಾರ್ಡು ಬೇಕಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2004ರಲ್ಲೇ ಸ್ಪಷ್ಟಪಡಿಸಿದೆ. ಅಸ್ಸಾಂ ಮೊದಲಾದ ಕಡೆಗಳಿಂದ ಬಂದು ಲೈನ್ ಮನೆಯಲ್ಲಿರುವ ಕುಟುಂಬಗಳ ವಿಷಯದಲ್ಲಿ ಈ ಮಾತು ಬಹಳ ಮುಖ್ಯ. ಇಲ್ಲಿನ ವಿಳಾಸವಿಲ್ಲ, ಮಗುವಿಗೆ ಆಧಾರ್ ಇಲ್ಲ ಎಂದು ಅವರ ಹೆಸರು ಬರೆದುಕೊಳ್ಳದೆ ಬಿಟ್ಟ ಕೇಂದ್ರಗಳಿದ್ದವು. ಮಗುವಿನ ಆಧಾರ್ ಕಡ್ಡಾಯವಲ್ಲ, ತಾಯಿಯದರ ಮೇಲೆ ನೋಂದಾಯಿಸಬಹುದು. ಊರಲ್ಲಿ ಆಗಲೇ ನೋಂದಾಯಿಸಿಕೊಂಡವರನ್ನು ಅಂಗನವಾಡಿ ದಾಖಲೆಯ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ಇಲ್ಲಿನ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಲೂ ಅವಕಾಶವಿದೆ. ಇದನ್ನು ಟೀಚರ್‌ಗಳ ಕೈಯಲ್ಲಿ ಫೋನು ಕೊಟ್ಟು, ಅವರೇ ಮಾಡುವವರೆಗೆ ಪಕ್ಕದಲ್ಲಿ ಕೂತು ಕಲಿಸಿದೆವು. ಒಮ್ಮೆ ಕಲಿತ ಟೀಚರ್ ಪಕ್ಕದ ಕೇಂದ್ರದವರಿಗೆ ತಾವೇ ಹೇಳಿಕೊಟ್ಟರು.

ಅಹವಾಲಿನ ಕೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎರಡು ಆಧಾರಗಳು. ಮೊದಲನೆಯದು 2006ರ ಡಿಸೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪು: ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಜನವಸತಿ ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕು. ನಮ್ಮ ಹಾಡಿಗಳಲ್ಲಿ 40 ಮಕ್ಕಳಿರುವುದು ಅಪರೂಪ. ಅಲ್ಲಿ ಬೇರೆ ಮಾನದಂಡ ನೆರವಾಗುತ್ತದೆ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 150ರಿಂದ 300 ಜನಸಂಖ್ಯೆಗೆ ಮಿನಿ ಅಂಗನವಾಡಿ ಕೇಳಬಹುದು. ಎರಡನೆಯದು 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮು. ಕಾಡಿನೊಳಗಿನ ಹಾಡಿಯಲ್ಲಿ ಕಟ್ಟಡ ಕಟ್ಟಲು ಸಾಧ್ಯವೇ ಇಲ್ಲ ಎಂಬ ಉತ್ತರ ಸಭೆಯಿಂದ ಸಭೆಗೆ ಬರುತ್ತಿತ್ತು. ಆ ಕಲಮಿನಲ್ಲಿ ಹೆಸರಿಸಿದ 13 ಸೌಲಭ್ಯಗಳಲ್ಲಿ ಅಂಗನವಾಡಿಯೂ ಇದೆ. ಬೇಕಾದ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆಯಿದ್ದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದೆ, ಗ್ರಾಮಸಭೆ ಶಿಫಾರಸು ಮಾಡಿದರೆ ಅರಣ್ಯ ಭೂಮಿಯನ್ನು ಅದಕ್ಕೆ ಬಳಸಬಹುದು. ಕಲಮಿನ ಕನ್ನಡ ಪ್ರತಿಯನ್ನು ಅರ್ಜಿಯ ಜೊತೆ ಇಟ್ಟ ಮೇಲೆ ಚರ್ಚೆಯ ರೀತಿಯೇ ಬದಲಾಯಿತು.

ಅರ್ಜಿಯನ್ನು ನಾನು ಬರೆಯುವುದಿಲ್ಲ, ಬರೆಸುತ್ತೇನೆ. ಅಂಗನವಾಡಿಯ ಬಾಲವಿಕಾಸ ಸಮಿತಿಯ ತಾಯಂದಿರು ಕೂತು ಮಕ್ಕಳ ಪಟ್ಟಿ ಮಾಡುತ್ತಾರೆ, ನಡೆದು ಬರೆದ ದಾರಿಯ ಹಾಳೆ ಸೇರಿಸುತ್ತಾರೆ, ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಓದುತ್ತಾರೆ, ಅದು ನಡಾವಳಿಯಲ್ಲಿ ದಾಖಲಾಯಿತೇ ಎಂದು ಇನ್ನೊಬ್ಬರು ನೋಡುತ್ತಾರೆ. ಪ್ರತಿಯೊಂದು ಪತ್ರಕ್ಕೂ ಸ್ವೀಕೃತಿ ಪಡೆಯಬೇಕು, ಆಗುವುದಿಲ್ಲ ಎಂದರೆ ಲಿಖಿತ ಹಿಂಬರಹ (ಕಚೇರಿಯ ಬರಹದ ಉತ್ತರ) ಕೇಳಬೇಕು ಎಂಬುದನ್ನು ನಾವು ನಾಟಕದಂತೆ ಆಡಿ ಅಭ್ಯಾಸ ಮಾಡುತ್ತೇವೆ. ಒಬ್ಬರು ಅಧಿಕಾರಿ, ಒಬ್ಬರು ಅರ್ಜಿದಾರೆ. ಕಚೇರಿಯ ಹೊಸ್ತಿಲು ತುಳಿಯದಿದ್ದ ಒಬ್ಬ ಎರವ ತಾಯಿ ಆ ಅಭ್ಯಾಸದ ನಂತರ ಕಾಗದ ಕೈಗೆ ಬರುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಆಹಾರ ಭದ್ರತಾ ಕಾಯ್ದೆಯಲ್ಲಿ ಜಿಲ್ಲಾ ಮಟ್ಟದ ಕುಂದುಕೊರತೆ ನಿವಾರಣಾ ಅಧಿಕಾರಿಯೂ ರಾಜ್ಯ ಆಹಾರ ಆಯೋಗವೂ ಇರುವುದನ್ನು ತಿಳಿಸುತ್ತೇವೆ, ಆದರೆ ಮೊದಲು ಟೀಚರ್, ಆಮೇಲೆ ಮೇಲ್ವಿಚಾರಕಿ, ಆಮೇಲೆ ಮುಂದಿನವರು ಎಂಬ ಕ್ರಮವನ್ನು ಮೀರುವುದಿಲ್ಲ. ಟೀಚರ್‌ಗೆ ಮುಜುಗರವಾಗುವಂತೆ ಮೇಲೆ ಹೋದರೆ ದಿನವೂ ಮಗುವನ್ನು ನೋಡಿಕೊಳ್ಳುವವರ ಮನಸ್ಸು ಮುರಿಯುತ್ತದೆ. ಕಡಿಮೆ ಗೌರವಧನಕ್ಕೆ ಅಡುಗೆ, ಪಾಠ, ತೂಕ, ಸಮೀಕ್ಷೆ, ಫೋನಿನ ದಾಖಲೆ ಎಲ್ಲವನ್ನೂ ಹೊತ್ತವರು ಅವರು.

ತೋಟದ ಮಾಲೀಕರೊಡನೆ ಮಾತಾಡುವುದನ್ನು ನಾವು ಸ್ವಲ್ಪ ತಡವಾಗಿ, ಕಾಲ ನೋಡಿ ಶುರುಮಾಡುತ್ತೇವೆ. ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲವಾದ್ದರಿಂದ ನವೆಂಬರ್ ಒಳಗೆ ಮುಗಿಸಬೇಕು. 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ, ಇಲ್ಲವೇ ಅವರ 20 ಮಕ್ಕಳಿರುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಆದರೆ ಇಲ್ಲಿನ ಬಹುಪಾಲು ತೋಟಗಳು ಸಣ್ಣವು. ಅಲ್ಲಿ ಕಾನೂನಿಗಿಂತ ಮಾತುಕತೆಯೇ ಹೆಚ್ಚು ಕೆಲಸ ಮಾಡಿತು. ಗರ್ಭಿಣಿಯರಿಗೆ ಊಟದ ಹೊತ್ತಿನ ಬಿಡುವು, ಆ ದಿನಕ್ಕೆ ಕಿಲೋ ಲೆಕ್ಕದ ಬದಲು ದಿನಗೂಲಿ, ಕೇಂದ್ರದ ಕಡೆ ಹೋಗುವ ಜೀಪಿನಲ್ಲಿ ಒಂದು ಜಾಗ ಇಷ್ಟನ್ನೇ ಕೇಳಿದೆವು. ಕೆಲವರು ಒಪ್ಪಿದರು, ಕೆಲವರು ಇಲ್ಲ. ಒಪ್ಪಿದ ತೋಟಗಳಲ್ಲಿ ಹಾಜರಾತಿ ಹೆಚ್ಚಿದ್ದನ್ನು ಟೀಚರ್‌ಗಳೇ ತೋರಿಸಿದರು. ಗ್ರಾಮ ಪಂಚಾಯಿತಿಗಳ ಕೂಸಿನ ಮನೆಗಳಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳನ್ನು ನೋಡಿಕೊಳ್ಳುವುದರಿಂದ, ಇರುವ ಕಡೆ ಅವುಗಳ ವೇಳೆಯನ್ನು ಕೊಯ್ಲಿನ ಕೆಲಸಕ್ಕೆ ಹೊಂದಿಸಲು ಈಗ ಪಂಚಾಯಿತಿಗಳಲ್ಲಿ ಕೇಳುತ್ತಿದ್ದೇವೆ. ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡಿರುವ ಹುಡುಗಿಯರಿಗೆ ಇದಕ್ಕಿಂತ ನೇರವಾದ ಪರಿಹಾರ ನನಗೆ ಕಾಣುವುದಿಲ್ಲ.

ಕಾಡಿನೊಳಗಿನ ಹಾಡಿಯ ಅಂಗನವಾಡಿ ಕಟ್ಟಡದ ಕಡತ ಗ್ರಾಮಸಭೆಯ ಶಿಫಾರಸಿನೊಂದಿಗೆ ಅರಣ್ಯ ಇಲಾಖೆಗೆ ಹೋಗಿದೆ. ಜಾಗವನ್ನು ಜಂಟಿಯಾಗಿ ನೋಡಿ ಹೋಗಿದ್ದಾರೆ, ಒಪ್ಪಿಗೆಯ ಪತ್ರ ಬರಬೇಕಿದೆ. ಅಲ್ಲಿಯವರೆಗೆ ಹಾಡಿಯ ಸಮುದಾಯ ಭವನದ ಒಂದು ಕೋಣೆಯಲ್ಲಿ ಊಟ ನಡೆಯುತ್ತಿದೆ. ಮುಂದಿನ ಗ್ರಾಮಸಭೆಗೆ ಮುನ್ನ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಪಟ್ಟಿಗೆ ಸೇರಿಸಬೇಕೆಂದು ಸಮಿತಿಯ ತಾಯಂದಿರು ತೀರ್ಮಾನಿಸಿದ್ದಾರೆ, ಮತ್ತು ಈ ಸಲ ಅದನ್ನು ಓದಿ ಹೇಳಲು ಇಬ್ಬರು ಹೊಸಬರು ಸಿದ್ಧರಾಗುತ್ತಿದ್ದಾರೆ.